ಇಮಾಮರು ಏಳುವವರೆಗೆ

ತುದುನ್ ರೀಮಿ
೧೨ ಜನವರಿ ೧೯೮೭

ಜೋಸ್ ಊರಿನಲ್ಲಿರುವವಳಿಗೆ,

ಸಲಾಂ. ಇಲ್ಲಿ ಎಲ್ಲರೂ ಕ್ಷೇಮ. ಧೂಳುಗಾಳಿ ಈ ವರ್ಷ ಜೋರಾಗಿದೆ. ಬೆಳಗ್ಗೆ ಎದ್ದರೆ ಚಾಪೆಗೂ ನನ್ನ ಗಡ್ಡಕ್ಕೂ ಒಂದೇ ಬಣ್ಣ. ನಿನ್ನ ತಾಯಿ ಚೆನ್ನಾಗಿದ್ದಾಳೆ. ಅವಳು ಸುಟ್ಟು ಮಾರುವ ಅಕ್ಕಿಯ ಮಾಸಾ ರೊಟ್ಟಿ ಎಂಟು ಗಂಟೆಯೊಳಗೆ ಖಾಲಿಯಾಗುತ್ತದೆ, ಉಳಿದ ಹೊತ್ತೆಲ್ಲ ನನ್ನನ್ನು ಬೈಯಲು ಅವಳಿಗೆ ಪುರುಸೊತ್ತು.

ಮೂರು ವರ್ಷದ ಮೇಲೆ ಬರೆಯುತ್ತಿದ್ದೇನೆ. ಅದಕ್ಕೆ ದೊಡ್ಡ ಅರ್ಥ ಹಚ್ಚಬೇಡ. ಒಂದು ಸಣ್ಣ ವಿಚಾರಣೆ, ಅಷ್ಟೆ. ನನ್ನ ಪರಿಚಯದ ಹಿರಿಯರೊಬ್ಬರಿದ್ದಾರೆ, ಅರವತ್ತನಾಲ್ಕು ವರ್ಷ. ನಮಾಜಿನಲ್ಲಿ ನಿಲ್ಲುವುದಕ್ಕೆ ಅವರಿಗೆ ತೊಂದರೆಯಿಲ್ಲ. ಸೊಂಟ ಬಾಗಿಸಿ ರುಕೂ ಮಾಡುವುದಕ್ಕೂ ತೊಂದರೆಯಿಲ್ಲ. ಹಣೆ ನೆಲಕ್ಕಿಟ್ಟು ಸಜ್ದಾ ಮಾಡಿ ಏಳುವಾಗ ಮಾತ್ರ ಬಲ ಮಂಡಿಯೊಳಗೆ ಕಡಲೆಕಾಯಿ ಸುಲಿದಂತೆ ಸದ್ದಾಗುತ್ತದೆ. ಆಮೇಲೆ ಆ ಕಾಲು ತನಗೂ ಈ ದೇಹಕ್ಕೂ ಸಂಬಂಧವೇ ಇಲ್ಲ ಎಂಬಂತೆ ನಿಂತುಬಿಡುತ್ತದೆ. ಬೆಳಗಿನ ನಮಾಜಿನಲ್ಲಿ ಹೆಚ್ಚು, ಮಧ್ಯಾಹ್ನ ಸ್ವಲ್ಪ ಕಡಿಮೆ.

ನೀನು ಆಸ್ಪತ್ರೆಯಲ್ಲಿ ಜನರ ಕೈಕಾಲು ಆಡಿಸುವ ಕೆಲಸದಲ್ಲಿರುವುದರಿಂದ ಕೇಳುತ್ತಿದ್ದೇನೆ. ಏನಾದರೂ ಉಪಾಯವಿದ್ದರೆ ಬರೆ, ಅವರಿಗೆ ತಲುಪಿಸುತ್ತೇನೆ.

ಇಸ್ಯಾಕು
ತುದುನ್ ರೀಮಿ ಜುಮ್ಮಾ ಮಸೀದಿಯ ಇಮಾಮ್


ಜೋಸ್
೨೫ ಜನವರಿ ೧೯೮೭

ಬಾಬಾ,

ಸಲಾಂ. ನಿಮ್ಮ ಕೈಬರಹ ನೋಡಿ ಎದೆ ಧಸಕ್ ಎಂದಿತು, ನನ್ನ ತಾಯಿ ಇನ್ನಾಗೆ ಏನಾದರೂ ಆಯಿತೇನೋ ಎಂದು. ಓದಿದ ಮೇಲೆ ನಗು ಬಂತು. 'ಜೋಸ್ ಊರಿನಲ್ಲಿರುವವಳಿಗೆ' ಎಂದು ಬರೆದಿದ್ದೀರಿ. ಈ ಊರಿನಲ್ಲಿ ನನ್ನ ಹಾಗೆ ಲಕ್ಷ ಜನ ಹೆಂಗಸರಿದ್ದಾರೆ. ಚೊಚ್ಚಲ ಮಗಳ ಹೆಸರನ್ನು ತಂದೆ ಬಾಯಲ್ಲಿ ಆಡಬಾರದು, ಒಪ್ಪಿದೆ. ಶಾಯಿಗೂ ನಾಚಿಕೆಯೇ?

ಆ ಹಿರಿಯರಿಗೆ ಹೀಗೆ ಹೇಳಿ. ಸಜ್ದಾಕ್ಕೆ ಇಳಿಯುವಾಗ ನಮ್ಮ ಮಾಲಿಕಿ ಪದ್ಧತಿಯಂತೆ ಮೊದಲು ಅಂಗೈ ನೆಲಕ್ಕೆ, ಆಮೇಲೆ ಮಂಡಿ. ಏಳುವಾಗ ಮೊದಲು ಮಂಡಿ, ಕೊನೆಗೆ ಕೈ. ಭಾರವನ್ನೆಲ್ಲ ತೋಳು ಹೊರಲಿ. ದಿನಕ್ಕೆ ಮೂರು ಸಲ ಕಾಲು ಚಾಚಿ ಕೂತು, ಮಂಡಿಯ ಕೆಳಗೆ ಸುತ್ತಿದ ಬಟ್ಟೆಯಿಟ್ಟು, ಹತ್ತು ಎಣಿಸುವವರೆಗೆ ಅದನ್ನು ಒತ್ತಬೇಕು, ಹೀಗೆ ಇಪ್ಪತ್ತು ಸಲ. ತೊಡೆ ಗಟ್ಟಿಯಾದರೆ ಮಂಡಿಯ ಹೊರೆ ಇಳಿಯುತ್ತದೆ. ಅಲ್ಲಿಯವರೆಗೆ ಅವರು ಕುರ್ಚಿಯ ಮೇಲೆ ಕೂತು ನಮಾಜು ಮಾಡಲಿ. ಕಾಯಿಲೆಯವರಿಗೆ ಆ ಅನುಮತಿ ಇದೆ ಎಂದು ನನಗೆ ಏಳನೇ ವಯಸ್ಸಿನಲ್ಲಿ ಕಲಿಸಿದವರು ನೀವೇ.

ಇನ್ನೊಂದು ಮಾತು. ನಾನು ಮೂರು ವರ್ಷ ಆ ಮನೆಗೆ ಯಾಕೆ ಬಂದಿಲ್ಲವೆಂದು ನಿಮಗೆ ಮರೆತಿರಬಹುದು, ನನಗೆ ಮರೆತಿಲ್ಲ. ರಜೆಗೆ ಬಂದವಳು ಖುಷಿಯಲ್ಲಿ ಹೇಳಿದ್ದೆ: ಬಾಬಾ, ನಮಾಜಿನ ಚಲನೆ ದೇಹಕ್ಕೆ ಒಳ್ಳೆಯದು, ದಿನಕ್ಕೆ ಐದು ಸಲ ಬಾಗಿ ಎದ್ದವರ ಬೆನ್ನು, ಸೊಂಟ, ಕಣಕಾಲು ಸಡಿಲವಾಗಿರುತ್ತವೆ ಎಂದು. ನೀವು ಶುಕ್ರವಾರ ಪ್ರವಚನಕ್ಕೆ ಮಿಂಬರ್ ಹತ್ತಿ ಸಾರಿದಿರಿ, ನಮಾಜು ಸರಿಯಾಗಿ ಮಾಡುವವನ ಮಂಡಿ ಕೆಡುವುದೇ ಇಲ್ಲ, ಕೆಟ್ಟಿದ್ದರೆ ಅವನ ನಮಾಜಿನಲ್ಲೇ ಊನವಿದೆ, ಆಸ್ಪತ್ರೆಯಲ್ಲಿ ಕಲಿತ ನನ್ನ ಮಗಳೇ ಹೇಳಿದ್ದಾಳೆ ಎಂದು. ಬಣ್ಣಗಾರ ದೋಗಾರ ಬಾಬಾ ಆಗ ಕೊನೆಯ ಸಾಲಿನಲ್ಲಿ ಕೂತೇ ನಮಾಜು ಮಾಡುತ್ತಿದ್ದರು. ನಲವತ್ತು ವರ್ಷ ಬಟ್ಟೆ ಅದ್ದುವ ನೀಲಿಬಣ್ಣದ ಗುಂಡಿಗಳ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತ ಮನುಷ್ಯ. ಇಡೀ ಮಸೀದಿ ತಿರುಗಿ ಅವರ ಮಂಡಿ ನೋಡಿತು. ಮುಂದಿನ ವಾರದಿಂದ ಅವರು ಬರಲಿಲ್ಲ. ಇದನ್ನು ನಾನು ಪಡಸಾಲೆಯಲ್ಲಿ, ನಿಮ್ಮ ಅತಿಥಿಗಳ ಎದುರಿಗೇ ಕೇಳಿದೆ. ಹೊಸಿಲು ದಾಟು ಎಂದಿರಿ. ದಾಟಿದೆ.

ದೋಗಾರ ಬಾಬಾ ಈಗ ಮಸೀದಿಗೆ ಬರುತ್ತಾರೆಯೇ?

ರಾಕಿಯಾ


ತುದುನ್ ರೀಮಿ
೧೮ ಫೆಬ್ರವರಿ ೧೯೮೭

ಜೋಸ್ ಊರಿನಲ್ಲಿರುವವಳಿಗೆ,

ಸಲಾಂ. ಆ ಹಿರಿಯರು ಕುರ್ಚಿಯ ಮೇಲೆ ಕೂರುವಂತಿಲ್ಲ. ಅವರು ಇಮಾಮರು. ನಿಂತು, ಬಾಗಿ, ಹಣೆ ನೆಲಕ್ಕಿಟ್ಟು ಏಳಲಾಗದವನು, ಅದೆಲ್ಲ ಆಗುವ ಜನರ ಮುಂದೆ ನಿಂತು ನಮಾಜು ಮಾಡಿಸುವಂತಿಲ್ಲ. ಇದು ನಮ್ಮ ಪದ್ಧತಿಯ ಕಟ್ಟು, ನಿನಗೂ ಗೊತ್ತು. ಅವರು ಕುರ್ಚಿ ಹಾಕಿಸಿಕೊಂಡ ದಿನವೇ ಅವರ ಇಮಾಮಗಿರಿ ಮುಗಿಯಿತು. ಇಪ್ಪತ್ತೆರಡು ವರ್ಷ ಅವರು ಮಾಡಿದ ಕೆಲಸ, ಅದಕ್ಕೂ ಮುಂಚೆ ಅವರ ತಂದೆ ಮಾಡಿದ ಕೆಲಸ. ಬೇರೆ ಕೆಲಸ ಅವರಿಗೆ ಬರುವುದಿಲ್ಲ.

ಹೌದು, ನಾನೇ. ಈಗ ನಗು.

ನಾನು ಏಳುವುದು ಎಷ್ಟು ಕಷ್ಟವೆಂದು ಈವರೆಗೆ ಯಾರೂ ನೋಡಿಲ್ಲ. ನೋಡುವುದು ಹೇಗೆ? ನಾನು ಏಳುವಾಗ ಎಲ್ಲರ ಹಣೆ ನೆಲದಲ್ಲಿರುತ್ತದೆ. ಏಳುತ್ತಾ ಹೇಳಬೇಕಾದ 'ಅಲ್ಲಾಹು ಅಕ್ಬರ್' ಅನ್ನು ನಾನು ಪೂರ್ತಿ ಎದ್ದು ನಿಂತ ಮೇಲೆ ಹೇಳುತ್ತೇನೆ. ಆ ದನಿ ಕೇಳಿಸದೆ ಯಾರೂ ತಲೆ ಎತ್ತುವಂತಿಲ್ಲ. ಇದೇ ನನ್ನ ಕಳ್ಳತನ. ಒಂದು ವರ್ಷದಿಂದ ನಡೆಯುತ್ತಿದೆ.

ಕಳೆದ ಶುಕ್ರವಾರ ಕಾಲು ಏಳಲೇ ಇಲ್ಲ. ನಮಾಜಿನ ಮೊದಲ ಸುತ್ತು, ಮೊದಲ ರಕಾತಿನ ಎರಡನೇ ಸಜ್ದಾ. ಅಂಗೈ ಊರಿದೆ, ಮಂಡಿ ಕೂಗಿತು, ಮತ್ತೆ ಕೆಳಗೇ ಬಿದ್ದೆ. ನನ್ನ ಹಿಂದೆ ಆರುನೂರು ಜನ, ಅಂಗಳದ ಬಿಸಿಲಿನಲ್ಲಿರುವವರೂ ಸೇರಿ, ಮೂಗು ಮರಳಿಗೊತ್ತಿ ನನಗಾಗಿ ಕಾಯುತ್ತಿದ್ದಾರೆ. ಯಾರೋ ಕೆಮ್ಮಿದರು. ಮಗುವೊಂದು ಅಳುವುದು ಕೇಳಿಸಿತು. ನನ್ನ ಸಹಾಯಕ ಬಲರಬೆ, ನಾನು ಮರೆತಿರಬೇಕೆಂದು, ಹಿಂದಿನಿಂದ 'ಸುಭಾನಲ್ಲಾಹ್' ಎಂದು ಎಚ್ಚರಿಸಿದ. ನಾನು ಮರೆತಿರಲಿಲ್ಲ. ಅಷ್ಟು ಚೆನ್ನಾಗಿ ನೆನಪಿದ್ದ ಗಳಿಗೆ ನನ್ನ ಆಯುಷ್ಯದಲ್ಲೇ ಇನ್ನೊಂದಿಲ್ಲ. ಕೊನೆಗೆ ಮಿಂಬರಿನ ಕೆಳಗಿನ ಮೆಟ್ಟಿಲು ಕೈಗೆ ಸಿಕ್ಕಿತು, ಅದನ್ನು ಹಿಡಿದು, ಮುದಿ ಕತ್ತೆ ಕೆಸರಿನಿಂದ ಏಳುವಂತೆ ಎದ್ದೆ.

ಬೈಗುಳ ತಿನ್ನಲು ಸಿದ್ಧನಾಗಿ ನಮಾಜು ಮುಗಿಸುವ ಸಲಾಂ ಹೇಳಿ ಹಿಂದಕ್ಕೆ ತಿರುಗಿದರೆ, ಬಲರಬೆಯ ಕಣ್ಣಲ್ಲಿ ನೀರು. "ಲಿಮಾನ್, ನಮ್ಮ ಇಮಾಮರೇ, ಇವತ್ತು ನೀವು ಎಲ್ಲಿಗೆ ಹೋಗಿದ್ರಿ? ಆ ಸಜ್ದಾದಲ್ಲಿ ನನಗೆ ಸತ್ತ ನಮ್ಮಮ್ಮನ ಮುಖ ಕಾಣಿಸ್ತು!" ಎಂದ. ಜನ ಸಾಲುಗಟ್ಟಿ ನನ್ನ ಕೈ ಮುಟ್ಟಿಕೊಂಡು ಹೋದರು. ನಾನು ಭಕ್ತಿಯಲ್ಲಿ ಮುಳುಗಿದ್ದೆನಂತೆ.

ನಿನ್ನ ತಾಯಿ ಮಾತ್ರ ಮಂಡಿಗೆ ಕಡಲೆಕಾಯಿ ಎಣ್ಣೆ ತಿಕ್ಕುತ್ತಾ ಹೇಳಿದಳು: "ಮನೇಲಿ ನನ್ನ ಹೆಗಲು ಹಿಡ್ಕೊಂಡು ಏಳ್ತೀರಿ, ಅಲ್ಲಿ ಭಕ್ತಿ ಹಿಡ್ಕೊಂಡು ಎದ್ರಾ?"

ರಂಜಾನ್ ಹತ್ತಿರ ಬರುತ್ತಿದೆ. ತಿಂಗಳಿಡೀ ಪ್ರತಿ ಸಂಜೆ ಇಪ್ಪತ್ತು ರಕಾತ್, ನಲವತ್ತು ಸಜ್ದಾ. ಬೇಗ ಏನಾದರೂ ಬರೆ.

ಇಸ್ಯಾಕು


ಜೋಸ್
೪ ಮಾರ್ಚ್ ೧೯೮೭

ಬಾಬಾ,

ಸಲಾಂ. ನಕ್ಕೆ, ನಿಜ. ಆಮೇಲೆ ವಾರ್ಡಿನ ಹಿಂದೆ ಹೋಗಿ ಅತ್ತೆ. ಆರುನೂರು ಜನರ ನಡುವೆ ನೀವೊಬ್ಬರೇ ನೆಲದ ಮೇಲೆ ಸಿಕ್ಕಿಬಿದ್ದದ್ದು ಕಣ್ಣಿಗೆ ಕಟ್ಟಿದ ಹಾಗಿದೆ.

ಆದರೆ ಮೊದಲು ಬೈಗುಳ. ಬಿಸಿಲಿನಲ್ಲಿ ತಲೆ ಕೆಳಗೆ ಮಾಡಿ ಅಷ್ಟು ಹೊತ್ತು ಇರುವುದು ರಕ್ತದೊತ್ತಡ ಇರುವ ಮುದುಕರಿಗೆ ಆಟವಲ್ಲ. ಎದ್ದ ಕೂಡಲೇ ಯಾರಾದರೂ ತಲೆ ತಿರುಗಿ ಬಿದ್ದಿದ್ದರೆ? ಅದನ್ನೂ ಭಕ್ತಿ ಎನ್ನುತ್ತಿದ್ದರೇನೋ.

ನಿಮ್ಮ ಮಂಡಿಯ ವಿಷಯ ಸಿಹಿ ಬಳಿಯದೆ ಹೇಳುತ್ತೇನೆ. ಐದು ವರ್ಷದಲ್ಲಿ ನನ್ನ ಕೈ ಕೆಳಗೆ ಎಷ್ಟೋ ಜನರ ಮೈ ಹಾದುಹೋಗಿದೆ. ನಮಾಜು ಬಿಡದ ಅಜ್ಜಿಯರು ಎಂಬತ್ತರಲ್ಲೂ ನೆಲದಿಂದ ಕೈಯೂರದೆ ಏಳುವುದನ್ನು ಕಂಡಿದ್ದೇನೆ. ಪಾರ್ಶ್ವವಾಯು ಬಡಿದ ದರ್ಜಿಯೊಬ್ಬನಿಗೆ ನಾನು ಹೇಳಿಕೊಟ್ಟ ವ್ಯಾಯಾಮವೆಲ್ಲ ಬೇಸರ. ಕೊನೆಗೆ ದಿನಕ್ಕೆ ಐದು ಹೊತ್ತಿನ ನಮಾಜನ್ನೇ ನಿಧಾನವಾಗಿ ಮಾಡಿಸಿದೆ, ಆರು ತಿಂಗಳಲ್ಲಿ ಬೆನ್ನು ನೇರವಾಯಿತು. ನಿಮ್ಮ ಸೊಂಟ ಇವತ್ತಿಗೂ ಹುಡುಗನ ಸೊಂಟದ ಹಾಗಿದ್ದರೆ ಅದು ನಮಾಜಿನ ಉಪಕಾರ ಎಂದೇ ನಾನೂ ನಂಬುತ್ತೇನೆ. ಆದರೆ ಸವೆದ ಮೂಳೆ ಸವೆದದ್ದೇ. ಆ ಮಂಡಿಗೆ ಪ್ರತಿ ಸಜ್ದಾವೂ ಈಗ ಪೆಟ್ಟು. ತೊಡೆಯ ವ್ಯಾಯಾಮದಿಂದ ಸ್ವಲ್ಪ ದಿನ ದೂಡಬಹುದು, ರಂಜಾನಿನ ನಲವತ್ತು ಸಜ್ದಾ ತಿಂಗಳಿಡೀ ದೂಡಲಾಗದು.

ಜನರಿಗೆ ಹೇಳಿಬಿಡಿ. ಬಲರಬೆ ಮುಂದೆ ನಿಲ್ಲಲಿ.

ದೋಗಾರ ಬಾಬಾ ಬಗ್ಗೆ ಕೇಳಿದ್ದೆ. ನೀವು ಉತ್ತರ ಬರೆದಿಲ್ಲ.

ರಾಕಿಯಾ


ತುದುನ್ ರೀಮಿ
೨೨ ಮಾರ್ಚ್ ೧೯೮೭

ಮಗಳೆ,

ಸಲಾಂ. ಹೇಳಿದೆ. ಕೇಳುವವರು ಬೇಕಲ್ಲ!

ಪಡಸಾಲೆಗೆ ಬಲರಬೆಯನ್ನೂ ನಾಲ್ವರು ಹಿರಿಯರನ್ನೂ ಕರೆಸಿ, ಮರ್ಯಾದೆಗೆ ಕೋಲಾಕಾಯಿ ಹಂಚಿ, ಬಾಯಿಬಿಟ್ಟು ಹೇಳಿದೆ: "ನನ್ನ ಮಂಡಿ ಹೋಗಿದೆ. ಅವತ್ತು ನಾನು ಭಕ್ತಿಯಲ್ಲಿ ಇರಲಿಲ್ಲ, ಏಳೋಕೆ ಆಗಲಿಲ್ಲ, ಅಷ್ಟೇ."

ಹಿರಿಯರು ಕೋಲಾಕಾಯಿ ಅಗಿದು ಮುಗಿಸಿದರು. ಆಮೇಲೆ ಬಲರಬೆ ತಲೆಯಾಡಿಸುತ್ತಾ ಉಳಿದವರಿಗೆ ಹೇಳಿದ: "ನೋಡಿದ್ರಾ? ನಾನು ಹೇಳಿರಲಿಲ್ವಾ? ದೊಡ್ಡವರು ಯಾವಾಗಲೂ ಹೀಗೇ, ತಮ್ಮನ್ನ ತಾವೇ ಮುಚ್ಚಿಡ್ತಾರೆ."

"ಮುಚ್ಚಿಡ್ತಾ ಇಲ್ಲ ಕಣೋ, ಬಿಚ್ಚಿಡ್ತಾ ಇದ್ದೀನಿ! ಬೇಕಿದ್ರೆ ಮುಟ್ಟಿ ನೋಡು, ಹೇಗೆ ಊದಿದೆ!" ಎಂದು ಮಂಡಿ ತೋರಿಸಿದೆ. ಅವನು ಭಕ್ತಿಯಿಂದ ಮುಟ್ಟಿ, ಆ ಕೈಯನ್ನು ತನ್ನ ಮುಖಕ್ಕೆ ಸವರಿಕೊಂಡ! ನಿನ್ನ ತಾಯಿ ಒಳಗಿನಿಂದ ನಕ್ಕದ್ದು ಕೇಳಿಸಿತು.

ಈಗ ವಿಷಯ ಇನ್ನೂ ಕೆಟ್ಟಿದೆ. ಪಕ್ಕದ ಊರುಗಳಿಂದ ಜನ ಶುಕ್ರವಾರ ಇಲ್ಲಿಗೇ ಬರುತ್ತಾರೆ. ನಾನು ಹಣೆಯಿಟ್ಟ ಜಾಗದ ಮರಳನ್ನು ಹೆಂಗಸರು ತರಿಸಿಕೊಂಡು ಮಂಡಿನೋವಿಗೆ ಹಚ್ಚುತ್ತಿದ್ದಾರೆ. ಮೂರು ವರ್ಷದ ಹಿಂದಿನ ನನ್ನ ಮಾತು ಅವರಿಗೆ ಹೊಸದಾಗಿ ನೆನಪಾಗಿದೆ. ಲಿಮಾನ್ ಹೇಳಿದ್ದರಲ್ಲ, ಸರಿಯಾದ ನಮಾಜು ಮಂಡಿ ಕಾಯುತ್ತದೆ ಎಂದು. ಈಗ ನೋಡಿ, ಅವರ ಸಜ್ದಾ ಎಷ್ಟು ಉದ್ದ! ನಾನು ಒಳಗಿನಿಂದ ಅಗುಳಿ ಹಾಕಿಕೊಂಡ ಮನೆಗೆ ಊರವರು ಹೊರಗಿನಿಂದಲೂ ಬೀಗ ಹಾಕಿದರು.

ನೀನು ಕೇಳಿದ್ದಕ್ಕೆ ಉತ್ತರ. ದೋಗಾರ ಮೂರು ವರ್ಷ ಬರಲಿಲ್ಲ. ನಾನು ಒಂದು ದಿನವೂ ಅವನ ಮನೆಗೆ ಹೋಗಿ ಕೇಳಲಿಲ್ಲ. ಅವನ ಮನೆ ಮುಂದೆ ಹಾದುಹೋಗುವ ದಾರಿಯನ್ನೇ ಬಿಟ್ಟೆ. ಕಳೆದ ಶುಕ್ರವಾರ ಅವನು ಬಂದ. ಮೊಣಕೈವರೆಗೆ ಆ ನೀಲಿ ಈಗಲೂ ಹೋಗಿಲ್ಲ. ಇಬ್ಬರು ಗಂಡುಮಕ್ಕಳ ಹೆಗಲ ಮೇಲೆ ಬಂದು ನನ್ನ ಎದುರು ನಿಂತು ಹೇಳಿದ: "ಲಿಮಾನ್, ನನ್ನ ನಮಾಜೇ ಸರಿ ಇಲ್ಲ ಅಂತ ಇಷ್ಟು ದಿನ ಮನೇಲಿ ಕೂತೆ. ನಿಮ್ಮ ಹಿಂದೆ ಸಜ್ದಾ ಮಾಡಿದ್ರೆ ವಾಸಿ ಆಗುತ್ತಂತೆ. ನನಗೂ ಒಂದು ಜಾಗ ಕೊಡಿ."

ನಾನು ಜಾಗ ಕೊಟ್ಟೆ. ನಿಜ ಹೇಳಲು ನಾಲಿಗೆ ಏಳಲಿಲ್ಲ ಮಗಳೆ.

ಇಸ್ಯಾಕು


ಜೋಸ್
೫ ಏಪ್ರಿಲ್ ೧೯೮೭

ಬಾಬಾ,

ಸಲಾಂ. ಪಡಸಾಲೆಯಲ್ಲಿ ಐದು ಜನರ ಮುಂದೆ ಹೇಳಿದರೆ ಸಾಲದು. ಆ ಸುಳ್ಳು ಹುಟ್ಟಿದ್ದು ಮಿಂಬರಿನ ಮೇಲೆ. ಅದನ್ನು ಅಲ್ಲಿಂದಲೇ ಇಳಿಸಬೇಕು. ನಿಮ್ಮ ಮಂಡಿಯ ಬಗ್ಗೆಯಷ್ಟೇ ಅಲ್ಲ, ಅವರ ನಮಾಜಿನ ಬಗ್ಗೆ ನೀವು ಆಡಿದ ಮಾತಿನ ಬಗ್ಗೆ.

ದೋಗಾರ ಬಾಬಾ ನೆಲಕ್ಕೆ ಇಳಿಯದಂತೆ ನೋಡಿಕೊಳ್ಳಿ. ಅವರ ಮಂಡಿ ನಿಮ್ಮದಕ್ಕಿಂತ ಹತ್ತು ಪಾಲು ಕೆಟ್ಟಿದೆ. ಇಳಿದರೆ ಏಳಿಸಲು ನಾಲ್ಕು ಜನ ಬೇಕು.

ನಾನು ಬರಲೇ ಎಂದು ಎರಡು ಸಲ ಚೀಲ ಕಟ್ಟಿದೆ, ಬಿಚ್ಚಿದೆ. ನಾನು ಬಂದರೆ ಜನ ಏನೆನ್ನುತ್ತಾರೆ? ಆಸ್ಪತ್ರೆಯ ಮಗಳು ಬಂದು ಅಪ್ಪನಿಗೆ ಹೇಳಿಕೊಟ್ಟಳು ಎನ್ನುತ್ತಾರೆ. ಈ ಮಾತು ನಿಮ್ಮದಾಗಿಯೇ ಹೊರಬರಬೇಕು. ನನಗೆ ನಿಮ್ಮ ಮೇಲೆ ಕೋಪವಿದೆ, ಅದಕ್ಕಿಂತ ಹೆಚ್ಚಾಗಿ ಭಯವಾಗುತ್ತಿದೆ.

ರಾಕಿಯಾ


ತುದುನ್ ರೀಮಿ
೧೧ ಏಪ್ರಿಲ್ ೧೯೮೭

ಮಗಳೆ,

ಸಲಾಂ. ಒಳ್ಳೆಯ ಸುದ್ದಿ. ನಿನ್ನ ಬಟ್ಟೆ ಒತ್ತುವ ವ್ಯಾಯಾಮ ಫಲ ಕೊಟ್ಟಿದೆ. ಎರಡು ಶುಕ್ರವಾರ ಒಂದೇ ಸಲಕ್ಕೆ ಎದ್ದೆ. ನಿನ್ನೆ ಏಳುತ್ತಲೇ 'ಅಲ್ಲಾಹು ಅಕ್ಬರ್' ಎಂಬ ತಕ್ಬೀರ್ ಹೇಳಿದೆ, ಮೊದಲಿನ ಹಾಗೆ. ಎಷ್ಟು ಹಗುರ ಅನಿಸಿತು ಗೊತ್ತೇ! ನಾಲ್ಕು ಗೋಡೆಯ ಕೋಣೆಯಲ್ಲಿ ಕಿಟಕಿ ಸಿಕ್ಕಿದ ಹಾಗೆ.

ಹಾಗಾಗಿ ಯೋಚಿಸಿದೆ, ಈ ರಂಜಾನ್ ಒಂದು ಮುಗಿಯಲಿ. ಹಬ್ಬ ಕಳೆದ ಮೇಲೆ ನೆಮ್ಮದಿಯಾಗಿ ಎಲ್ಲವನ್ನೂ ಹೇಳುತ್ತೇನೆ. ಪುಣ್ಯದ ತಿಂಗಳ ಬಾಗಿಲಲ್ಲಿ ಜನರ ಮನಸ್ಸು ಕಲಕುವುದು ಬೇಡ. ಕೊನೆಯ ಒಂದು ರಂಜಾನ್ ನಾನೇ ಮಾಡಿಸಬೇಕೆಂಬ ಆಸೆಯೂ ಇದೆ, ಯಾಕೆ ಸುಳ್ಳು ಹೇಳಲಿ.

ನಿನ್ನ ತಾಯಿಗೆ ಇದನ್ನು ಓದಿ ಹೇಳಿದೆ. ಅವಳು ಸಜ್ಜೆಹಿಟ್ಟಿನ ಫೂರಾ ಗಂಜಿಯ ಬಟ್ಟಲು ನನ್ನ ಮುಂದೆ ಕುಕ್ಕಿ, "ಹಬ್ಬ ಆದ್ಮೇಲೆ ಬಕ್ರೀದ್ ಬರುತ್ತೆ, ಅದಾದ್ಮೇಲೆ ಮತ್ತೆ ರಂಜಾನ್ ಬರುತ್ತೆ. ನಿಮಗೇನು, ನೆಪಕ್ಕೆ ಬರವೇ?" ಎಂದಳು. ಅವಳಿಗೆ ಇದೆಲ್ಲ ಅರ್ಥವಾಗುವುದಿಲ್ಲ.

ಇಸ್ಯಾಕು


ಜೋಸ್
೧೭ ಏಪ್ರಿಲ್ ೧೯೮೭

ಬಾಬಾ,

ಇನ್ನಾಗೆ ಎಲ್ಲವೂ ಅರ್ಥವಾಗುತ್ತದೆ.

ದೋಗಾರ ಬಾಬಾ ಈಗ ಯಾವ ಸಾಲಿನಲ್ಲಿ ಕೂರುತ್ತಾರೆ? ಅಷ್ಟನ್ನು ಮಾತ್ರ ಬರೆಯಿರಿ.

ರಾಕಿಯಾ


ತುದುನ್ ರೀಮಿ
೨೬ ಏಪ್ರಿಲ್ ೧೯೮೭

ಮಗಳೆ,

ಮೊದಲ ಸಾಲಿನಲ್ಲಿ. ನನ್ನ ಬೆನ್ನ ಹಿಂದೆಯೇ. ಮೊನ್ನೆ ಶುಕ್ರವಾರ ಜನರೇ ಅವನನ್ನು ಎತ್ತಿ ತಂದು ಅಲ್ಲಿ ಕೂರಿಸಿದ್ದರು, ದೇವರ ಕೃಪೆ, ಬರಕತ್, ಅಲ್ಲಿ ಹೆಚ್ಚು ಎಂದು.

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನಮಾಜಿಗೆ ಮುಂಚಿನ ಪ್ರವಚನ ಖುತ್ಬಾದಲ್ಲಿ ರಂಜಾನಿನ ಬಗ್ಗೆ ಮಾತಾಡಿದೆ, ಮಂಡಿಯ ಬಗ್ಗೆ ಅಲ್ಲ. ಬಿಸಿಲು ನೆಲವನ್ನು ಹೆಂಚು ಮಾಡಿತ್ತು. ಮೊದಲ ರಕಾತಿನ ಮೊದಲ ಸಜ್ದಾ ಸಲೀಸಾಗಿ ಆಯಿತು. ಎರಡನೇ ಸಜ್ದಾಕ್ಕೆ ಹಣೆ ನೆಲಕ್ಕಿಡುವಾಗ ಹಿಂದಿನಿಂದ ಒಂದು ನರಳಾಟ ಕೇಳಿಸಿತು. ಅಲ್ಲಿಯವರೆಗೆ ಕೂತೇ ಇದ್ದ ದೋಗಾರ ನೆಲಕ್ಕೆ ಇಳಿದುಬಿಟ್ಟಿದ್ದ. ಎಷ್ಟೋ ವರ್ಷದ ಮೇಲೆ ಮೊದಲ ಸಜ್ದಾ. ಅವನ ಉಸಿರು ನನ್ನ ಪಾದಕ್ಕೆ ತಾಗುವಷ್ಟು ಹತ್ತಿರ.

ಬೇಗ ಎದ್ದುಬಿಡಬೇಕೆಂದು ನಾನು ಕೈ ಮರೆತು ಮಂಡಿಯ ಮೇಲೆ ಭಾರ ಹಾಕಿದೆ. ಅಷ್ಟೆ. ಕಾಲು ಸತ್ತುಹೋಯಿತು. ಇನ್ನೊಮ್ಮೆ ನೋಡಿದೆ, ಇಲ್ಲ. ಮಿಂಬರಿನ ಮೆಟ್ಟಿಲು ಈ ಸಲ ಕೈಗೆಟುಕಲಿಲ್ಲ.

ಮಸೀದಿಯಲ್ಲಿ ಸಂತೋಷದ ಮೌನ. ಹೌದು, ಸಂತೋಷದ್ದೇ. ಅವರು ಇದಕ್ಕಾಗಿಯೇ ದೂರದಿಂದ ಬಂದವರು. ನನಗೆ ಕೇಳುತ್ತಿದ್ದದ್ದು ದೋಗಾರನ ದನಿ ಒಂದೇ. ಹಲ್ಲು ಕಚ್ಚಿ, ಪಿಸುಮಾತಿನಲ್ಲಿ, "ಯಾ ಅಲ್ಲಾಹ್, ಇವರನ್ನ ಬೇಗ ಏಳಿಸು. ಯಾ ಅಲ್ಲಾಹ್, ನನ್ನ ಕೈಲಿ ಆಗಲ್ಲ." ಸಜ್ದಾದಲ್ಲಿ ಮನುಷ್ಯ ತನಗೆ ಬೇಕಾದ್ದನ್ನು ಬೇಡಿಕೊಳ್ಳಬಹುದು. ಅವನು ನನ್ನನ್ನು ಏಳಿಸು ಎಂದು ಬೇಡುತ್ತಿದ್ದ. ಇನ್ನು ಸ್ವಲ್ಪ ಹೊತ್ತು ಒದ್ದಾಡಿದ್ದರೆ ನಾನು ಏಳುತ್ತಿದ್ದೆ, ನನಗೆ ಗೊತ್ತಿತ್ತು. ಎದ್ದರೆ ಇನ್ನೊಂದು ಪವಾಡ. ಅವನು ಮುಂದಿನ ಶುಕ್ರವಾರವೂ ಇಳಿಯುತ್ತಾನೆ, ಅದರ ಮುಂದಿನದೂ.

ನಾನು ಬಾಯಿಬಿಟ್ಟೆ. ಹಣೆ ನೆಲದಲ್ಲಿರುವಾಗಲೇ, ಅರಬ್ಬಿಯಲ್ಲಲ್ಲ, ಮನೆಯಲ್ಲಿ ಆಡುವ ಮಾತಿನಲ್ಲಿ, ಅಂಗಳಕ್ಕೂ ಕೇಳುವ ಹಾಗೆ ಕೂಗಿದೆ: "ನನ್ನ ಮಂಡಿ ಹೋಗಿದೆ! ಏಳೋಕಾಗ್ತಾ ಇಲ್ಲ! ಯಾರೂ ನನಗೆ ಕಾಯಬೇಡಿ. ಬಲರಬೆ, ಎದ್ದು ನಮಾಜು ಮುಗಿಸು!"

ನಮಾಜಿನ ನಡುವೆ ಮಾತಾಡಿದವನ ನಮಾಜು ಮುರಿಯುತ್ತದೆ. ನನ್ನದು ಮುರಿಯಿತು, ಇಡೀ ಊರಿನ ಎದುರಿಗೆ. ಬಲರಬೆ ಗಾಬರಿಯಾಗಿ ಎದ್ದ, ಅವನ ತಕ್ಬೀರ್ ಎರಡು ತುಂಡಾಗಿ ಹೊರಬಂತು. ಸಾಲುಗಳು ಎದ್ದವು. ನೆಲದಲ್ಲಿ ಉಳಿದವರು ಇಬ್ಬರು, ನಾನು ಮತ್ತು ದೋಗಾರ. ನಾನು ಪಕ್ಕಕ್ಕೆ ಉರುಳಿದೆ, ಮುಖಕ್ಕೆ ಮುಖ ಬಂತು. ಅವನ ಕೆನ್ನೆಗೆಲ್ಲ ಮರಳು. ನನ್ನ ನಮಾಜು ಹೇಗೂ ಹೋಗಿತ್ತು, ಮಾತಾಡಲು ತಡೆಯಿರಲಿಲ್ಲ. "ದೋಗಾರ, ನಿನ್ನ ನಮಾಜು ಯಾವತ್ತೂ ಸರಿಯಾಗೇ ಇತ್ತು. ಅವತ್ತು ಸುಳ್ಳು ಹೇಳಿದ್ದು ನಾನು," ಎಂದೆ. ಅವನು ಇನ್ನೂ ನಮಾಜಿನಲ್ಲಿದ್ದ, ಉತ್ತರ ಕೊಡುವಂತಿರಲಿಲ್ಲ. ನನ್ನನ್ನೇ ನೋಡುತ್ತಿದ್ದ. ಬಲರಬೆ ಸಲಾಂ ಹೇಳುವವರೆಗೆ ನಾನು ಆ ಕಣ್ಣಿನೆದುರು ಬಿದ್ದಿದ್ದೆ.

ಸಲಾಂ ಆಯಿತು. ಮಕ್ಕಳು ಅವನನ್ನು ಎತ್ತಿ ನಿಲ್ಲಿಸಿದರು. ಅವನು ಒಂದೇ ಮಾತು ಹೇಳಿದ: "ಮೂರು ವರ್ಷದ ಜುಮ್ಮಾ, ಅಷ್ಟೂ ಶುಕ್ರವಾರದ ನಮಾಜು, ಲಿಮಾನ್. ಅದನ್ನ ನನಗೆ ಯಾರು ವಾಪಸ್ ಕೊಡ್ತಾರೆ?"

ಮಕ್ಕಳ ಹೆಗಲು ಹಿಡಿದು ಹೊರಟುಹೋದ. ಇಮಾಮನೇ ಮಾತಾಡಿದ ಮೇಲೆ ಹಿಂದಿನವರ ನಮಾಜು ಉಳಿಯಿತೇ ಎಂದು ಪಂಡಿತರು ಮರದ ಕೆಳಗೆ ಇನ್ನೂ ಜಗಳವಾಡುತ್ತಿದ್ದಾರೆ. ಕೆಲವರು ಬೇಸರದಿಂದ ಮಧ್ಯಾಹ್ನದ ನಮಾಜನ್ನೇ ಹೊಸದಾಗಿ ಮಾಡಿದರು. ಪರ ಊರಿನವರು ನನ್ನನ್ನು ಬೈದುಕೊಂಡು ಲಾರಿ ಹತ್ತಿದರು.

ಇಸ್ಯಾಕು


ಜೋಸ್
೨ ಮೇ ೧೯೮೭

ಬಾಬಾ,

ನಿಮ್ಮ ಕಾಗದವನ್ನು ನಾಲ್ಕು ಸಲ ಓದಿದೆ. ಹಬ್ಬಕ್ಕೆ ರಜೆ ಕೇಳಿದ್ದೇನೆ, ಸಿಕ್ಕಿದೆ.

ದೋಗಾರ ಬಾಬಾ ಅವರ ಆ ಮೂರು ವರ್ಷ ಯಾರೂ ವಾಪಸ್ ಕೊಡಲಾಗದು. ಆದರೆ ಅವರ ಮನೆ ಮುಂದಿನ ದಾರಿ ಇನ್ನೂ ಅಲ್ಲೇ ಇದೆಯಲ್ಲ?

ರಾಕಿಯಾ


ತುದುನ್ ರೀಮಿ
೧೩ ಮೇ ೧೯೮೭

ಮಗಳೆ,

ಸಲಾಂ. ಹೋದೆ. ಮೂರು ದಿನ ಹೋದೆ. ಮೊದಲ ದಿನ ಅವನ ಸೊಸೆ ಬಾಗಿಲಿಗೆ ಬಂದು, "ಮಾವ ಮಲಗಿದ್ದಾರೆ" ಎಂದಳು. ಎರಡನೇ ದಿನ ಅವನೇ ಒಳಗಿನಿಂದ ಕೂಗಿದ: "ಮಾವ ಮಲಗಿದ್ದಾರೆ ಅಂತ ಹೇಳು!" ನಿನ್ನೆ ನಾನು ಏನೂ ಕೇಳದೆ ಅವನ ಗೋಡೆಯ ನೆರಳಿನಲ್ಲಿ ಚಾಪೆ ಹಾಸಿ ಕೂತೆ. ಉಪವಾಸದ ಬಾಯಿ ಒಣಗಿತ್ತು. ಮಧ್ಯಾಹ್ನ ಇಳಿದು ಅಸರ್ ನಮಾಜಿನ ಹೊತ್ತಾಯಿತು. ಮಸೀದಿಯಿಂದ ಬಲರಬೆಯ ಅಜಾನ್ ಕೇಳಿಸಿತು. ಅವನ ದನಿ ಈಗೀಗ ಒಂದಿಷ್ಟು ಹದಕ್ಕೆ ಬರುತ್ತಿದೆ.

ದೋಗಾರ ಗೋಡೆ ಹಿಡಿದು ಹೊರಗೆ ಬಂದ. ನನ್ನ ಮುಖ ನೋಡದೆ, ಒಂದು ಮಾರು ದೂರದಲ್ಲಿ ತನ್ನ ಚಾಪೆ ಹಾಸಿ, ಕಾಲು ಚಾಚಿ ಕೂತ. ಇಬ್ಬರೂ ಕೂತೇ ಮಾಡುವವರು. ಅಂಥವರಲ್ಲಿ ಒಬ್ಬನು ಇನ್ನೊಬ್ಬನಿಗೆ ಇಮಾಮನಾಗಬಹುದು, ಅದಕ್ಕೆ ಅಡ್ಡಿಯಿಲ್ಲ. ಅವನು ಅಭ್ಯಾಸಬಲದಿಂದ ನನಗಾಗಿ ಕಾಯುತ್ತಿದ್ದ.

ನಾನು ತೆವಳಿಕೊಂಡು ಹೋಗಿ ಅವನ ಬಲಕ್ಕೆ, ಒಂದು ಗೇಣು ಹಿಂದಕ್ಕೆ ಕೂತೆ.

"ಏನಿದು?" ಎಂದ.

"ನೀನೇ ಮಾಡಿಸು," ಎಂದೆ.

"ಕುರಾನಿನಲ್ಲಿ ನನಗೆ ಬರೋದು ಎರಡೇ ಸೂರಾ. ಅದೂ ಚಿಕ್ಕವು."

"ಸಾಕು."

ಅವನು ಬಹಳ ಹೊತ್ತು ತನ್ನ ನೀಲಿ ಕೈಗಳನ್ನು ನೋಡುತ್ತಾ ಕೂತ. ಬೈಯುತ್ತಾನೆ, ಎದ್ದು ಹೋಗುತ್ತಾನೆ ಎಂದುಕೊಂಡೆ. ಕ್ಷಮಿಸಿದೆ ಎಂದು ಅವನು ಹೇಳಲಿಲ್ಲ, ಈವರೆಗೂ ಹೇಳಿಲ್ಲ. ಆಮೇಲೆ ಕೈ ಎತ್ತಿ ತಕ್ಬೀರ್ ಹೇಳಿದ. ನಾನೂ ಅವನ ಹಿಂದೆ ಕೈ ಎತ್ತಿದೆ. ಅಸರ್‌ನಲ್ಲಿ ಓದುವುದು ತುಟಿಯೊಳಗೇ. ಅವನು ಸರಿಯಾಗಿ ಓದಿದನೋ, ನಡುವೆ ತಪ್ಪಿದನೋ ನನಗೆ ಕೇಳಿಸಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಅದನ್ನು ನೋಡಿಕೊಳ್ಳುವುದು ನನ್ನ ಕೆಲಸವಾಗಿರಲಿಲ್ಲ.

ನಿನ್ನ ತಂದೆ
ಇಸ್ಯಾಕು